ದಾಖಲೆ ಸಾಫ್ಟ್‌ವೇರನ್ನು ಎಷ್ಟು ನಂಬಬಹುದು? ಅಟ್ಟದ ಮೇಲಿನ ಕಾಗದ ನಾಶ ಮಾಡುವ ಮುಂಚೆ ಕೇಳುತ್ತಿದ್ದೇನೆ

ಬೆಟ್ಟದ ಹಾದಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ದಫ್ತರ ನೋಡಿಕೊಳ್ಳುತ್ತಿದ್ದೇನೆ. ಬೆಳೆಸಾಲದ ಅರ್ಜಿ, ಜಾಮೀನು ಪತ್ರ, ಅಡಮಾನದ ಕಾಗದ, ಠರಾವು ಪುಸ್ತಕ, ಅಡಿಕೆ ಮಾರಾಟದ ಲಾಟ್ ಚೀಟಿ, ಎಲ್ಲವೂ ನನ್ನ ಸುಪರ್ದಿಯಲ್ಲಿ. ಮೂರು ವರ್ಷದ ಹಿಂದೆ ದೊಡ್ಡ ಸಂಸ್ಥೆಗಳು ಬಳಸುವಂಥ ರೆಕಾರ್ಡ್ಸ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತಗೊಂಡೆವು. ಮಾರಿದವರೇ ಹುಡುಗರನ್ನು ಕಳಿಸಿ ಹಳೆ ಕಾಗದ ಸ್ಕ್ಯಾನ್ ಮಾಡಿಸಿಕೊಟ್ಟರು. ನಿಜ ಹೇಳಬೇಕೆಂದರೆ ಕೆಲಸ ಎಷ್ಟೋ ಹಗುರ ಆಗಿದೆ. ಮುಂಚೆ ಒಂದು ಫೈಲ್ ಹುಡುಕಲು ಅಟ್ಟ ಹತ್ತಿ ಅರ್ಧ ದಿನ ಧೂಳು ಕುಡಿಯಬೇಕಿತ್ತು.

ಈಗ ಸಮಿತಿಯವರು ಅಟ್ಟ ಖಾಲಿ ಮಾಡಿ ಅನ್ನುತ್ತಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಸೋರುತ್ತದೆ, ಕಟ್ಟುಗಳಿಗೆ ಥಂಡಿ ಹಿಡಿದು ಬೂಸಲು ಬಂದಿದೆ, ಒಂದು ಮೂಲೆಗೆ ಒರಲೆ ಹತ್ತಿದೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಹೋದ ತಿಂಗಳು ಒಂದು ಘಟನೆ ಆಯಿತು. ನಮ್ಮ ಹಳೆಯ ಸದಸ್ಯರೊಬ್ಬರು, ಎಪ್ಪತ್ತು ದಾಟಿದವರು, 2011ರಲ್ಲಿ ತೀರಿಸಿದ ಸಾಲದ ಬೇಬಾಕಿ ಕಾಗದ ಕೇಳಿಕೊಂಡು ಬಂದರು. ಕಂಪ್ಯೂಟರಿನಲ್ಲಿ ಹೆಸರಿದೆ, ಖಾತೆ ನಂಬರ್ ಇದೆ, ಸ್ಕ್ಯಾನ್ ಮಾಡಿದ ತಾರೀಕೂ ಇದೆ. ತೆರೆದರೆ ಬಿಳಿ ಹಾಳೆ. ಎರಡು ಬಾರಿ, ಮೂರು ಬಾರಿ ನೋಡಿದೆ, ಅದೇ. ಕೊನೆಗೆ ಅಟ್ಟ ಹತ್ತಿ ಗೋಣಿ ಚೀಲದಲ್ಲಿ ಕಟ್ಟಿಟ್ಟ ಕಾಗದ ಹುಡುಕಿ ತಂದೆ, ಸಂಜೆ ಆಗಿತ್ತು. ಅಜ್ಜ ಬೆಂಚಿನ ಮೇಲೆ ಅಲ್ಲಿಯವರೆಗೂ ಕೂತಿದ್ದರು. ಆ ಕಾಗದ ಸುಟ್ಟಿದ್ದರೆ ಅವರಿಗೆ ನಾನು ಏನು ಉತ್ತರ ಕೊಡುತ್ತಿದ್ದೆ?

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರೆ "ನಮ್ಮದು ಶೇ. 99.9 ಅಪ್‌ಟೈಮ್ ಸಾರ್, ಅದೊಂದು ಫೈಲ್ ಮಾತ್ರ ಹಾಗಾಗಿರಬಹುದು" ಅಂದರು. ಅದೊಂದೇ ಎಂದು ಅವರಿಗೆ ಹೇಗೆ ಗೊತ್ತು? ಮುಂದಿನ ಸಭೆಗೆ ಮೂರು ವಾರ ಇದೆ. ಸಮಿತಿ ಮುಂದೆ ಏನು ಹೇಳಲಿ, ಅದಕ್ಕೂ ಮುಂಚೆ ಏನು ಪರೀಕ್ಷೆ ಮಾಡಲಿ, ತಿಳಿದವರು ಹೇಳಿ.

ಕಾಳಿ ತೀರ, ಕಾರವಾರ

ಅಣ್ಣ, ನೀವು ಕೇಳಿದ ಕೊನೆ ಪ್ರಶ್ನೆಯೇ ಸರಿಯಾದ ಪ್ರಶ್ನೆ. ನಾನು ಹನ್ನೊಂದು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ.

ಮೊದಲು ಆ 99.9ರ ವಿಷಯ. ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆಗಿಂತ ಜಾಸ್ತಿ ಸಾಫ್ಟ್‌ವೇರ್ ಬಂದ್ ಇರುವುದಿಲ್ಲ ಅನ್ನುವುದು ಅದರ ಅರ್ಥ, ಅಷ್ಟೇ. ಒಳಗಿರುವ ಕಾಗದ ಸರಿ ಇದೆಯೋ ಇಲ್ಲವೋ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಂಗಡಿ ಬಾಗಿಲು ದಿನಾ ಸರಿಯಾದ ಹೊತ್ತಿಗೆ ತೆರೆಯುತ್ತದೆ ಅಂದ ಮಾತ್ರಕ್ಕೆ ಡಬ್ಬದೊಳಗೆ ಅಕ್ಕಿ ಇದೆ ಎಂದಲ್ಲ.

ದಾಖಲೆ ನಿರ್ವಹಣೆಗೇ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 15489. ಮೊದಲು 2001ರಲ್ಲಿ ಬಂತು, 2016ರಲ್ಲಿ ತಿದ್ದಿದರು. ಅದರ ಪ್ರಕಾರ ಒಳ್ಳೆ ದಾಖಲೆಗೆ ನಾಲ್ಕು ಗುಣ ಬೇಕು. ಅದು ಅಸಲಿಯಾಗಿರಬೇಕು, ನಡೆದದ್ದನ್ನು ಪೂರ್ತಿಯಾಗಿ ಸರಿಯಾಗಿ ಹೇಳಬೇಕು, ಯಾರೂ ತಿದ್ದಿರಬಾರದು, ಬೇಕಾದಾಗ ಹುಡುಕಿ ಓದಲು ಸಿಗಬೇಕು. ಮಾರುವವರು ಹೆಚ್ಚಾಗಿ ಕೊನೆಯದರಲ್ಲಿ ಅರ್ಧ ಮಾತ್ರ ಹೇಳುತ್ತಾರೆ.

ನಿಮ್ಮ ಬಿಳಿ ಹಾಳೆ ಹೇಗೆ ಬಂದಿರಬಹುದು ಅಂದರೆ, ಇಂಥ ಬಹುತೇಕ ಸಾಫ್ಟ್‌ವೇರಿನಲ್ಲಿ ಹೆಸರು, ನಂಬರ್, ತಾರೀಕು ಒಂದು ಕಡೆ ಡೇಟಾಬೇಸಿನಲ್ಲಿ ಇರುತ್ತದೆ, ಸ್ಕ್ಯಾನ್ ಆದ ಚಿತ್ರ ಇನ್ನೊಂದು ಕಡೆ ಫೋಲ್ಡರಿನಲ್ಲಿ ಇರುತ್ತದೆ. ಹಳೆ ಸರ್ವರಿನಿಂದ ಹೊಸದಕ್ಕೆ ಸಾಗಿಸುವಾಗ ಕರೆಂಟ್ ಹೋದರೆ, ಇಲ್ಲವೇ ಡಿಸ್ಕ್ ತುಂಬಿದರೆ, ಫೈಲ್ ಅರ್ಧಕ್ಕೆ ನಿಂತಿರುತ್ತದೆ. ಡೇಟಾಬೇಸಿನಲ್ಲಿ ಮಾತ್ರ ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ. ಸ್ಕ್ಯಾನರಿಗೆ ಹಾಳೆ ತಿರುಗಿಸಿ ಹಾಕಿ ಖಾಲಿ ಬದಿ ಸ್ಕ್ಯಾನ್ ಆಗಿರುವುದೂ ಉಂಟು. ನಮ್ಮಲ್ಲೇ ಆಗಿದೆ.

ಕೇಳಬೇಕಾದ್ದು ಇದು: ಪ್ರತಿ ಫೈಲಿಗೂ ಸ್ಕ್ಯಾನ್ ಆದ ದಿನವೇ ಹ್ಯಾಶ್ ತೆಗೆದಿಟ್ಟಿದ್ದಾರಾ? ಎಸ್‌ಎಚ್‌ಎ-256 ಎಂದು ಒಂದು ಲೆಕ್ಕ ಇದೆ. ಫೈಲ್ ಎಷ್ಟೇ ದೊಡ್ಡದಿರಲಿ, 64 ಅಕ್ಷರದ ಒಂದು ಗುರುತು ಕೊಡುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಯಾವ ಫೈಲ್ ಕೆಟ್ಟಿದೆ ಎಂದು ಅದೇ ಹೇಳುತ್ತದೆ, ಅಜ್ಜ ಬಂದು ಕೇಳುವವರೆಗೆ ಕಾಯಬೇಕಾಗಿಲ್ಲ. ಒಂದು ಎಚ್ಚರ ಮಾತ್ರ, ಮೊದಲ ದಿನವೇ ಖಾಲಿ ಹಾಳೆ ಸ್ಕ್ಯಾನ್ ಆಗಿದ್ದರೆ ಹ್ಯಾಶ್ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಕಣ್ಣಲ್ಲೇ ನೋಡಬೇಕು.

ಇನ್ನು ಬ್ಯಾಕಪ್. "ಇದೆಯಾ" ಎಂದು ಕೇಳಬೇಡಿ, "ನನ್ನೆದುರು ಬೇರೆ ಕಂಪ್ಯೂಟರಿಗೆ ವಾಪಸ್ ತೆಗೆದು ತೋರಿಸಿ" ಅನ್ನಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಒಬ್ಬ ಇಂಜಿನಿಯರ್ ರಾತ್ರಿ ಕೆಲಸದಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟ. ಅವರ ಹತ್ತಿರ ಬ್ಯಾಕಪ್‌ಗೆ ಐದು ದಾರಿ ಇದ್ದವು, ಒಂದೂ ಸರಿಯಾಗಿ ನಡೆದಿರಲಿಲ್ಲ. ಬ್ಯಾಕಪ್ ವಿಫಲ ಆಗಿದೆ ಎಂದು ತಿಳಿಸುವ ಇಮೇಲ್ ಕೂಡ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮುಂಚೆ ಒಬ್ಬರು ತೆಗೆದಿಟ್ಟ ಒಂದು ಪ್ರತಿ ಅವರನ್ನು ಉಳಿಸಿತು. ಅವರೇ ಇದನ್ನು ಮುಚ್ಚಿಡದೆ ಬರೆದುಕೊಂಡಿದ್ದಾರೆ. ಅಂಥ ಕಡೆಯೇ ಹೀಗಾದರೆ ನಮ್ಮಲ್ಲಿ ಪರೀಕ್ಷೆ ಮಾಡದೆ ನಂಬುವುದು ಹೇಗೆ?

ಶರಾವತಿ ದಂಡೆ, ಹೊನ್ನಾವರ

ಸ್ಕ್ಯಾನರ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದು ಅಡಿಕೆ ಲಾಟ್ ಚೀಟಿ ಇಟ್ಟುಕೊಂಡವರು ಮುಖ್ಯವಾಗಿ ತಿಳಿದಿರಬೇಕು.

2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಮನೆ ನಕ್ಷೆಯ ಪ್ರತಿಯಲ್ಲಿ ವಿಚಿತ್ರ ಕಂಡ. ಮೂಲದಲ್ಲಿ ಮೂರು ಕೋಣೆಗಳ ಅಳತೆ 14.13, 21.11, 17.42 ಚದರ ಮೀಟರ್. ಜೆರಾಕ್ಸ್ ಕಂಪನಿಯ ಯಂತ್ರದಿಂದ ಬಂದ ಪ್ರತಿಯಲ್ಲಿ ಮೂರೂ 14.13! ಅಕ್ಷರ ಮಸುಕಾಗಿರಲಿಲ್ಲ, ನೋಡಲು ಬಹಳ ಚೆನ್ನಾಗಿ ಸ್ಪಷ್ಟವಾಗಿತ್ತು. ಕಾರಣ ಏನೆಂದರೆ ಫೈಲ್ ಚಿಕ್ಕದಾಗಲಿ ಎಂದು ಜೆಬಿಗ್-2 ಎಂಬ ವಿಧಾನದಲ್ಲಿ ಯಂತ್ರ ಒಂದೇ ಥರ ಕಾಣುವ ತುಣುಕುಗಳನ್ನು ಒಮ್ಮೆ ಮಾತ್ರ ಇಟ್ಟುಕೊಂಡು, ಉಳಿದ ಕಡೆ ಅದನ್ನೇ ಅಂಟಿಸುತ್ತಿತ್ತು. ಸಣ್ಣ ಅಕ್ಷರದಲ್ಲಿ 6 ಇದ್ದದ್ದು 8 ಆಗುತ್ತಿತ್ತು. ಈ ದೋಷ ಎಷ್ಟೋ ವರ್ಷದಿಂದ ಇತ್ತು, ಯಾರ ಗಮನಕ್ಕೂ ಬಂದಿರಲಿಲ್ಲ. ಕಂಪನಿ ಆಮೇಲೆ ಒಪ್ಪಿಕೊಂಡು ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು.

ಯೋಚನೆ ಮಾಡಿ. ರಾಶಿ ಇಡಿ ಎಂಬ ದರ್ಜೆಯ ಅಡಿಕೆ 6 ಕ್ವಿಂಟಲ್ ಇದ್ದದ್ದು 8 ಆದರೆ? ಹಾಳೆ ಮಸುಕಾಗಿದ್ದರೆ ಮೂಲ ನೋಡೋಣ ಅನ್ನುತ್ತೀರಿ, ಸ್ಪಷ್ಟವಾಗಿ ತಪ್ಪಿದ್ದರೆ ಯಾರಿಗೂ ಅನುಮಾನವೇ ಬರುವುದಿಲ್ಲ. ಆದ್ದರಿಂದ ಸ್ಕ್ಯಾನ್ ಮಾಡುವಾಗ ಕನಿಷ್ಠ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಇಡಿ. ಫೈಲ್ ತೀರಾ ಚಿಕ್ಕದು ಮಾಡುವ ಸೆಟ್ಟಿಂಗ್ ಬೇಡ. ಕೈಬರಹ ಇದ್ದರೆ ಬರೀ ಕಪ್ಪು ಬಿಳುಪು ಬೇಡ, ಬೂದು ಬಣ್ಣದಲ್ಲಿ ತೆಗೆಯಿರಿ, ಪೆನ್ಸಿಲ್ ಗುರುತು ಉಳಿಯುತ್ತದೆ. ಫೈಲ್ ಪಿಡಿಎಫ್/ಎ ಆಗಿರಲಿ. ಬಹುಕಾಲ ಇಡುವುದಕ್ಕೆಂದೇ 2005ರಲ್ಲಿ ಮಾಡಿದ ಮಾದರಿ ಅದು, ಫಾಂಟ್ ಎಲ್ಲ ಒಳಗೇ ಇರುತ್ತದೆ, ನಾಳೆ ಆ ಸಾಫ್ಟ್‌ವೇರ್ ಇಲ್ಲದಿದ್ದರೂ ತೆರೆಯುತ್ತದೆ.

ಕದ್ರಾ ಕಡೆಯವ

ಇಲ್ಲಿ ಎಲ್ಲರೂ ಕಾಗದದ ಪರವಾಗಿ ಮಾತಾಡುತ್ತಿದ್ದೀರಿ, ಹಾಗಾಗಿ ಒಂದು ಮಾತು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ಉಕ್ಕಿ ಊರೊಳಗೆ ಬಂತು. ನಾನಿದ್ದ ಕಚೇರಿಯಲ್ಲಿ ನೀರು ಇಳಿದ ಮೇಲೆ ಬೀರು ತೆರೆದರೆ ಫೈಲುಗಳೆಲ್ಲ ಒಂದೇ ಮುದ್ದೆ. ಬಿಸಿಲಿಗೆ ಹರಡಿದೆವು, ಆಗಸ್ಟಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಹಾಳೆ ಬಿಡಿಸಲು ಹೋದರೆ ಕೈಯಲ್ಲೇ ಹರಿಯುತ್ತಿತ್ತು. ಉಳಿದದ್ದು ಒಬ್ಬ ಗುಮಾಸ್ತರು ತಮ್ಮಷ್ಟಕ್ಕೆ ಸ್ಕ್ಯಾನ್ ಮಾಡಿ ಬೇರೆ ಊರಿಗೆ ಕಳಿಸಿಟ್ಟಿದ್ದ ಎರಡು ವರ್ಷದ ಫೈಲು ಮಾತ್ರ. ಅವರಿಗೆ ಇವತ್ತಿಗೂ ನಾನು ಕೈ ಮುಗಿಯುತ್ತೇನೆ.

ಅಟ್ಟದಲ್ಲಿ ಸೋರುತ್ತದೆ, ಒರಲೆ ಹತ್ತಿದೆ ಎಂದು ನೀವೇ ಬರೆದಿದ್ದೀರಿ. ಆ ಕಾಗದ ಇನ್ನು ಎಷ್ಟು ಮಳೆಗಾಲ ತಡೆಯುತ್ತದೆ? ಸಾಫ್ಟ್‌ವೇರಿನಲ್ಲಿ ಒಂದು ಫೈಲ್ ಹೋಗಿದೆ ಎಂದು ಹೆದರಿ ಅದನ್ನೇ ಬಿಟ್ಟರೆ ಎರಡೂ ಕಡೆಯಿಂದ ಕಳೆದುಕೊಳ್ಳುತ್ತೀರಿ.

ಕಾಳಿ ತೀರ, ಕಾರವಾರ

@ಕದ್ರಾ ಕಡೆಯವ, ನೀವು ಹೇಳಿದ್ದು ನೂರಕ್ಕೆ ನೂರು ಒಪ್ಪುತ್ತೇನೆ. ಸಾಫ್ಟ್‌ವೇರ್ ಬೇಡ ಎಂದು ನಾನು ಹೇಳಲಿಲ್ಲ. ಪ್ರತಿಗಳು ಮೂರು ಇರಲಿ, ಎರಡು ಬೇರೆ ಥರದ ಸಾಧನದಲ್ಲಿ, ಒಂದಾದರೂ ಬೇರೆ ಊರಿನಲ್ಲಿ. ಬೇರೆ ಊರು ಅಂದರೆ ದಾರಿಯನ್ನೂ ಯೋಚಿಸಿ. ನಾವು ಒಂದು ಡ್ರೈವ್ ಗಂಗಾವಳಿ ನದಿ ಆಚೆ ಇಟ್ಟಿದ್ದೆವು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು, ಎಷ್ಟೋ ದಿನ ಆ ಕಡೆಯವರು ಈ ಕಡೆ ಬರುವ ಹಾಗಿರಲಿಲ್ಲ. ಅಲ್ಲಿ ಜನ ಪ್ರಾಣ ಕಳೆದುಕೊಂಡರು, ಅದರ ಮುಂದೆ ಡ್ರೈವ್ ದೊಡ್ಡ ವಿಷಯ ಅಲ್ಲ. ಆದರೆ ಅವತ್ತಿನಿಂದ ನಾವು ಇನ್ನೊಂದು ಪ್ರತಿ ಘಟ್ಟದ ಮೇಲೆ ಇಡುತ್ತಿದ್ದೇವೆ.

ಅಘನಾಶಿನಿ, ಕುಮಟಾ

ನಾನು ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕಾನೂನಿನ ಕಡೆಯಿಂದ ಎರಡು ಮೂರು ವಿಷಯ ಹೇಳಬೇಕು.

ಕಂಪ್ಯೂಟರಿನಲ್ಲಿ ದಾಖಲೆ ಇಡಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಷರತ್ತು ಇದೆ: ಮುಂದೆ ನೋಡಲು ಸಿಗುವ ಹಾಗಿರಬೇಕು, ಮೂಲದಲ್ಲಿ ಇದ್ದದ್ದನ್ನು ಸರಿಯಾಗಿ ತೋರಿಸಬೇಕು. ನಿಮ್ಮ ಬಿಳಿ ಹಾಳೆ ಮೊದಲ ಷರತ್ತಿನಲ್ಲೇ ಬಿದ್ದುಹೋಗುತ್ತದೆ.

ಕೋರ್ಟಿಗೆ ಹೋದರೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮುಂಚೆ ಹಳೆ ಸಾಕ್ಷ್ಯ ಕಾಯ್ದೆಯಲ್ಲಿ ಇದೇ 65ಬಿ ಕಲಮು ಆಗಿತ್ತು. ಎಲೆಕ್ಟ್ರಾನಿಕ್ ದಾಖಲೆ ಜೊತೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಎರಡು ಭಾಗ, ಒಂದು ದಾಖಲೆ ಹಾಜರು ಮಾಡುವವರು, ಇನ್ನೊಂದು ತಜ್ಞರು ತುಂಬಬೇಕು. ಹ್ಯಾಶ್ ಎಷ್ಟು ಎಂದು ಅದರಲ್ಲೇ ಬರೆಯುವ ಜಾಗ ಇದೆ. ಕಾರವಾರದ ಅಣ್ಣ ಹೇಳಿದ ಹ್ಯಾಶ್ ಈಗ ಕೋರ್ಟಿನ ಫಾರಂನಲ್ಲೇ ಕೇಳುವ ವಿಷಯ ಆಗಿದೆ. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ನೀವೇ ಆಗಬಹುದು, ನೆನಪಿರಲಿ.

ಸ್ಟಾಂಪ್ ಕಾಗದದ ಜಾಮೀನು ಪತ್ರ, ಪ್ರಾಮಿಸರಿ ನೋಟು, ಅಡಮಾನದ ಮೂಲ ಪತ್ರ, ಸದಸ್ಯರು ನಂಬಿ ಕೊಟ್ಟ ಆಸ್ತಿ ಕಾಗದ, ಇವನ್ನು ಯಾವ ಕಾರಣಕ್ಕೂ ನಾಶ ಮಾಡಬೇಡಿ. ಸ್ಕ್ಯಾನ್ ಎಷ್ಟು ಚೆನ್ನಾಗಿದ್ದರೂ ಇವುಗಳಿಗೆ ಮೂಲವೇ ಬೇಕು. ಉಳಿದವನ್ನು ಎಷ್ಟು ವರ್ಷ ಇಡಬೇಕು ಎಂದು ನಿಮ್ಮ ಆಡಿಟರ್ ಮತ್ತು ವಕೀಲರಿಂದ ಬರಹದಲ್ಲಿ ತಗೊಳ್ಳಿ, ಆಮೇಲೆ ಠರಾವು ಮಾಡಿ.

ಇನ್ನೊಂದು, ಯಾರು ಯಾವಾಗ ಏನು ಬದಲಾಯಿಸಿದರು ಎಂಬ ನೋಂದಣಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಇದು ಕಡ್ಡಾಯ, ಅದನ್ನು ಬಂದ್ ಮಾಡಲು ಆಗಬಾರದು. ಅದು ಕಂಪನಿಗಳಿಗೆ ಮಾಡಿದ ನಿಯಮ, ಆದರೆ ನೀವೂ ಅದನ್ನೇ ಕೇಳಿ. ಸಾಫ್ಟ್‌ವೇರ್ ಮಾರಿದವರೇ ದೂರದಿಂದ ಒಳಗೆ ಬಂದು ಏನಾದರೂ ತಿದ್ದಿದರೆ ಅದೂ ಅದರಲ್ಲಿ ಕಾಣಬೇಕು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಫುಜಿತ್ಸು ಕಂಪನಿ ಮಾಡಿದ ಹೊರೈಜನ್ ಎಂಬ ಸಾಫ್ಟ್‌ವೇರ್ 1999ರಿಂದ ಇತ್ತು. ಅದು ತಪ್ಪು ಲೆಕ್ಕ ತೋರಿಸಿತು, ದುಡ್ಡು ಕಡಿಮೆ ಬಿದ್ದಿದೆ ಎಂದು ಸಣ್ಣ ಅಂಚೆ ಕಚೇರಿ ನಡೆಸುವವರ ಮೇಲೆ ಕೇಸು ಹಾಕಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆ ಆಯಿತು, ಕೆಲವರು ಜೈಲಿಗೆ ಹೋದರು. ಕಂಪ್ಯೂಟರ್ ಸರಿ ಇದೆ ಎಂದೇ ಕೋರ್ಟು ಭಾವಿಸುತ್ತಿತ್ತು. ಸಾಫ್ಟ್‌ವೇರಿನಲ್ಲಿ ದೋಷ ಇತ್ತು, ಹೊರಗಿನಿಂದ ಖಾತೆ ತಿದ್ದಲು ಸಾಧ್ಯವಿತ್ತು ಎಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. 2024ರಲ್ಲಿ ಸಂಸತ್ತೇ ಕಾನೂನು ಮಾಡಿ ಶಿಕ್ಷೆಗಳನ್ನು ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ಹಳ್ಳಿಯಲ್ಲಿ ಎಲ್ಲರಿಗೂ ಪರಿಚಯ ಇದ್ದವರು ಅವರು, ನಮ್ಮ ಸಂಘದ ಗುಮಾಸ್ತರ ಹಾಗೆಯೇ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಕಾಗುಣಿತ, ಅಂಕೋಲಾ

ಕಡಿಮೆ ಬರೆಯುತ್ತೇನೆ. ಫೈಲ್ ಸರಿ ಇದ್ದರೂ ಹುಡುಕಿದರೆ ಸಿಗದಿರಬಹುದು, ಕನ್ನಡದಲ್ಲಿ ಇದು ಜಾಸ್ತಿ. ಹಳೆಯದು "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟಿನಲ್ಲಿ ಟೈಪ್ ಆಗಿದ್ದರೆ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಗೊಂದಲ. ಈಗ ಎಲ್ಲ ಕಂಪ್ಯೂಟರ್, ಫೋನಿನಲ್ಲಿ ಬಳಸುವ ಯೂನಿಕೋಡ್ ಅಕ್ಷರದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಯೂನಿಕೋಡಿನಲ್ಲೇ ಇದ್ದರೂ "ಕೊ" ಅಕ್ಷರವನ್ನು ಎರಡು ಥರ ಕೂಡಿಸಬಹುದು, ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸೊನ್ನೆ ಹಾಕುವಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದವರಿದ್ದಾರೆ, ಅನುಸ್ವಾರ ಒತ್ತಿದವರೂ ಇದ್ದಾರೆ. ಮತ್ತೆ ನಮ್ಮ ಜಿಲ್ಲೆಯಲ್ಲಿ ಹೆಗಡೆ, ಹೆಗ್ಡೆ, ಹೆಗಡೇ, ಒಬ್ಬರದ್ದೇ ಮೂರು ಕಾಗದದಲ್ಲಿ ಮೂರು ಥರ.

ಹೆಸರು ನಂಬಬೇಡಿ. ಖಾತೆ ನಂಬರ್, ಸರ್ವೆ ನಂಬರ್, ವರ್ಷ, ಈ ಮೂರನ್ನು ಪ್ರತಿ ಫೈಲಿಗೂ ಕೊಡಿ. ಮತ್ತೆ ಮಾರಿದವರ ಹತ್ತಿರ ಎಲ್ಲ ಫೈಲನ್ನೂ ಪಟ್ಟಿ ಸಮೇತ ಹೊರಗೆ ತೆಗೆದುಕೊಡಿ ಎಂದು ಕೇಳಿ. ಅವರು ಕೊಡಲು ತಡ ಮಾಡಿದರೆ ಅದೇ ದೊಡ್ಡ ಸೂಚನೆ. ನಾಳೆ ಅವರು ಅಂಗಡಿ ಮುಚ್ಚಿದರೆ ನಿಮ್ಮ ಸದಸ್ಯರ ಕಾಗದ ಅವರ ಬೀಗದೊಳಗೆ ಉಳಿಯುತ್ತದೆ.

ಬೆಟ್ಟದ ಹಾದಿ, ಶಿರಸಿ

ಹತ್ತೊಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ನಾನು ಮತ್ತು ನಮ್ಮಲ್ಲಿ ಹೊಸದಾಗಿ ಸೇರಿದ ತಂಗಿ ಒಬ್ಬಳು ಸೇರಿ 200 ಫೈಲ್ ಆರಿಸಿದೆವು. ಕಂಪ್ಯೂಟರಿನ ಪಟ್ಟಿಯಿಂದ ಆರಿಸಲಿಲ್ಲ, ಅಟ್ಟದ ಬೇರೆ ಬೇರೆ ಕಟ್ಟಿನಿಂದ ಕೈಗೆ ಬಂದ ಕಾಗದ ತೆಗೆದು ಅದು ಕಂಪ್ಯೂಟರಿನಲ್ಲಿ ಇದೆಯಾ ಎಂದು ಹುಡುಕಿದೆವು. ಇದು ಅವಳ ಯೋಚನೆ, ಒಳ್ಳೆಯದೇ ಆಯಿತು. ಪಟ್ಟಿಯಿಂದ ಹೊರಟಿದ್ದರೆ ಸ್ಕ್ಯಾನೇ ಆಗದ ಕಾಗದ ನಮಗೆ ಕಾಣುತ್ತಲೇ ಇರಲಿಲ್ಲ. 178 ಸರಿ ಇದ್ದವು. 5 ಬಿಳಿ ಹಾಳೆ ಅಥವಾ ಅರ್ಧ ಹಾಳೆ. 9 ಹೆಸರಿನಿಂದ ಸಿಗಲಿಲ್ಲ, ಖಾತೆ ನಂಬರ್ ಹಾಕಿದಾಗ ಸಿಕ್ಕವು, ಕಾಗುಣಿತ ಅವರು ಹೇಳಿದ ಹಾಗೇ. 8 ಸ್ಕ್ಯಾನೇ ಆಗಿಲ್ಲ. ಅಂಕಿ ಬದಲಾದದ್ದು ಒಂದೂ ಸಿಗಲಿಲ್ಲ, ಚೀಟಿಗಳನ್ನು ಭೂತಗನ್ನಡಿ ಹಿಡಿದು ನೋಡಿದ್ದೇವೆ.

ಹ್ಯಾಶ್ ಕೇಳಿದ್ದಕ್ಕೆ ಸಾಫ್ಟ್‌ವೇರಿನವರು ಆ ಸೌಲಭ್ಯ ಇದೆ, ನಮ್ಮಲ್ಲಿ ಆನ್ ಮಾಡಿಲ್ಲ ಅಂದರು. ಈಗ ಆನ್ ಮಾಡಿದ್ದಾರೆ. ಬ್ಯಾಕಪ್ಪಿನಿಂದ ವಾಪಸ್ ತೆಗೆದು ತೋರಿಸಲು ನಾಲ್ಕು ದಿನ ಬೇಕಾಯಿತು, ಮೊದಲ ಎರಡು ಸಲ ಆಗಲಿಲ್ಲ. ಪಟ್ಟಿ ಸಮೇತ ಎಲ್ಲ ಫೈಲ್ ಕೊಡಿ ಎಂದದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ನಿನ್ನೆ ಸಭೆ ಆಯಿತು. 200ರಲ್ಲಿ 13 ದಾಖಲೆ ಕಂಪ್ಯೂಟರಿನಿಂದ ಸಿಗುವುದಿಲ್ಲ ಎಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ಅವರ ತಂದೆ ಕಾಲದ ಅಡಮಾನ ಪತ್ರ ಇದೆಯಾ ನೋಡಿ ಅಂದರು. ನೋಡಿದೆವು, ಇದೆ. ಠರಾವು ಹೀಗೆ ಆಗಿದೆ: ಎಲ್ಲ ಕಟ್ಟುಗಳನ್ನೂ ಸ್ಕ್ಯಾನಿನ ಜೊತೆ ಒಂದೊಂದಾಗಿ ತಾಳೆ ನೋಡುವವರೆಗೆ ಏನನ್ನೂ ನಾಶ ಮಾಡುವಂತಿಲ್ಲ, ಮೂಲ ಪತ್ರಗಳನ್ನು ಯಾವಾಗಲೂ ನಾಶ ಮಾಡುವಂತಿಲ್ಲ, ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಗೋದಾಮಿನ ಪಕ್ಕದ ಕೋಣೆಗೆ ಹಾಕಬೇಕು. ಕಬ್ಬಿಣದ ರ‍್ಯಾಕಿಗೆ ದುಡ್ಡು ಮಂಜೂರಾಗಿದೆ. ತಾಳೆ ನೋಡಲು ಇಬ್ಬರಿಗೆ ಒಂದು ವರ್ಷ ಹಿಡಿಯಬಹುದು, ಆದರೂ ಮಾಡುತ್ತೇವೆ.

ಕದ್ರಾ ಕಡೆಯವರೇ, ಒಂದು ಕೇಳಬೇಕಿತ್ತು. ಥಂಡಿ ಹಿಡಿದು ಅಂಟಿಕೊಂಡ ಹಾಳೆಗಳು ಎರಡು ಕಟ್ಟು ಇವೆ, 1990ರ ಆಸುಪಾಸಿನವು. ಹರಿಯದ ಹಾಗೆ ಬಿಡಿಸಲು ನೀವು ಆಮೇಲೆ ಏನಾದರೂ ದಾರಿ ಕಂಡುಕೊಂಡಿರಾ? ಮಳೆ ಶುರುವಾಗುವ ಮುಂಚೆ ಅವನ್ನು ಸ್ಕ್ಯಾನ್ ಮಾಡಬೇಕು.

ಕದ್ರಾ ಕಡೆಯವ

ಒದ್ದೆ ಇರುವಾಗ ಎಳೆಯಬೇಡಿ, ಬಿಸಿ ಗಾಳಿಯೂ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ನೆರಳಲ್ಲಿ ಫ್ಯಾನ್ ಗಾಳಿಗೆ ಇಟ್ಟು, ಅಂಚು ತಾನಾಗಿ ಬಿಡಲು ಶುರುವಾದ ಕಡೆ ಮಧ್ಯೆ ಮಧ್ಯೆ ಬಿಳಿ ಖಾಲಿ ಹಾಳೆ ಹಾಕುತ್ತಾ ಹೋಗಿ, ಆ ಹಾಳೆಯನ್ನು ದಿನಾ ಬದಲಾಯಿಸಿ. ಬೂಸಲು ಇದ್ದರೆ ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮೆತ್ತನೆ ಬ್ರಷ್‌ನಿಂದ ಕಟ್ಟಡದ ಹೊರಗೆ ತಂದು ತೆಗೆಯಿರಿ. ಬಿಡದೇ ಇದ್ದ ಹಾಳೆಯನ್ನು ಹಾಗೇ ಬಿಡಿ, ಮೇಲಿನದರ ಫೋಟೋ ಮಾತ್ರ ತೆಗೆದಿಡಿ. ರ‍್ಯಾಕನ್ನು ಗೋಡೆಗೆ ಒತ್ತಿ ಇಡಬೇಡಿ, ಕೆಳಗಿನ ಹಲಗೆ ನೆಲದಿಂದ ಒಂದು ಅಡಿ ಮೇಲಿರಲಿ.